ಹುರುಳಿ ಹರಡದ ರಸ್ತೆ

ಹಳ್ಳಿಮೈಸೂರಿನಾಚೆಯ ಊರೊಂದರಲ್ಲಿ ಬಸ್ಸಿಳಿದ ಕನಕಲಕ್ಷ್ಮಿ, ಟಾರು ರಸ್ತೆಯ ತುಂಬ ಹರಡಿದ್ದ ಹುರುಳಿಗಿಡದ ಮೇಲೆ ಜಾರದಂತೆ ಹೆಜ್ಜೆ ಇಟ್ಟರು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಉತ್ತರ ಸರಿಯಿದ್ದರೆ ಸಾಲದು, ಎಲ್ಲಿಂದ ಬಂತು ಹೇಳು ಎಂದು ಮಕ್ಕಳನ್ನು ಕಾಡುತ್ತಿದ್ದವರು. ಈಗ ವೈದ್ಯರ ಅಧ್ಯಯನವೊಂದಕ್ಕಾಗಿ, ಬೇಸಾಯದ ಕೆಲಸದಲ್ಲಿ ಸತ್ತವರ ವಿವರ ಕೇಳಿಕೊಂಡು ಮನೆಮನೆ ಸುತ್ತುತ್ತಾರೆ. ದಾಖಲೆಯಲ್ಲಿ ‘ಹೃದಯಾಘಾತ’, ‘ರಸ್ತೆ ಅಪಘಾತ’ ಎಂದಿದ್ದರೆ ಅವರು ಸುಲಭಕ್ಕೆ ನಂಬುವುದಿಲ್ಲ. ಊರಿನವರೂ ಅವರನ್ನು ನಂಬುವುದಿಲ್ಲ.

ಇವತ್ತು ಬಂದದ್ದು ಪುಟ್ಟತಾಯಮ್ಮನ ಮನೆಗೆ. ಆಕೆಯ ಗಂಡ ರವೀಂದ್ರ ಹೋದ ವರ್ಷ ಕಾರು ಗುದ್ದಿ ತೀರಿಕೊಂಡಿದ್ದ. ಆಕೆ ಬಾಗಿಲಿಗೊರಗಿ ನಿಂತಳು. ಜಗಲಿಯ ಮೇಲೆ ಮಾತಿಗೆ ಕೂತವನು ಮೈದುನ ಕಾಂತರಾಜು.

“ಇನ್ಸೂರೆನ್ಸ್ ಕಂಪನಿಯೋರಾ?”

“ಅಲ್ಲಪ್ಪ. ಹೆಸರು ಕೂಡ ಬರ್ಕೊಳಲ್ಲ.”

“ಎಸ್ರಿಲ್ದೆ ಯಾರ್ ಸತ್ರು ಅಂತ ಬರೀತೀರಿ? ನಮ್ಮಣ್ಣ ರಸ್ತೆ ಪಕ್ಕ ನಡ್ಕಂಡ್ ಓಯ್ತಿದ್ದ. ಕಾರ್ನೋನು ಬಂದು ಗುದ್ಬುಟ್ಟ. ಅಷ್ಟೇಯ.”

ಕನಕಲಕ್ಷ್ಮಿ ರಸ್ತೆಯತ್ತ ನೋಡಿದರು. ಆ ಊರಲ್ಲಿ ಒಕ್ಕಣೆಗೆಂದು ಪ್ರತಿ ಮನೆಗೂ ರಸ್ತೆಯ ಇಷ್ಟುದ್ದ ಎಂಬ ಹಂಚಿಕೆಯಿದೆ. ಎರಡು ತುದಿಗೂ ಕಲ್ಲಿಟ್ಟು ಬೆಳೆ ಹರಡಿದರೆ, ಓಡಾಡುವ ಗಾಡಿಗಳ ಚಕ್ರವೇ ಕಾಳು ಬಿಡಿಸುತ್ತದೆ. ಈ ಮನೆಯೆದುರು ಕಲ್ಲುಗಳಿದ್ದವು. ನಡುವೆ ಒಂದು ಕಡ್ಡಿಯೂ ಇರಲಿಲ್ಲ.

“ಆ ಜಾಗ ಯಾರದ್ದು?”

“ರಸ್ತೆ ಗೌರ್ಮೆಂಟ್ದು ಕಣಮ್ಮ. ಮೇಡಮ್ನೋರ್ಗೆ ಗೊತ್ತಿಲ್ವಾ?” ಡೈರಿಗೆ ಹಾಲು ಹಾಕುವ ಹೊತ್ತಾಗಿತ್ತು. ಕ್ಯಾನು ಎತ್ತಿಕೊಂಡವನು ಅತ್ತಿಗೆಯ ಕಡೆ ತಿರುಗಿದ. “ಮಾತ್ ಬೆಳಸ್ಬ್ಯಾಡ ಅತ್ಗೆ.”

ಅವನು ಮರೆಯಾದ ಮೇಲೆ ಪುಟ್ಟತಾಯಮ್ಮ ಜಗಲಿಗೆ ಬಂದು ಕೂತಳು.

“ನಮ್ಮನೆಯೋರು ರಸ್ತೇಲಿ ಉರುಳಿಗಿಡ ತಿರುವಾಕ್ತಿದ್ರು. ಕಾರು ಅದ್ರ ಮ್ಯಾಲೆ ಜಾರ್ಕಂಡ್ ಬಂತು. ಪೊಲೀಸ್ನೋರು ಬರೋ ಒತ್ಗೆ ನಾವೇ ಎಲ್ಲಾ ಗುಡ್ಸಾಕ್ಬುಟ್ವಿ. ರಸ್ತೇಲಿ ಒಕ್ಕಣೆ ಮಾಡಿದ್ದು ನಿಮ್ದೇ ತಪ್ಪು ಅಂತಾರೆ, ಪರಿಹಾರದ ಕೇಸ್ ಬಿದ್ದೋಯ್ತದೆ ಅಂದ್ರು ಲಾಯರ್ರು. ಆ ಕೇಸ್ ಬಿಟ್ರೆ ನಂಗಿನ್ನೇನೈತೆ? ಬರೀಬ್ಯಾಡಿ.”

ಕನಕಲಕ್ಷ್ಮಿ ಪೆನ್ನು ಹಿಡಿದು ಕೂತರು. ಬರೆದರೆ ಬೇಸಾಯದ ಕೆಲಸದಲ್ಲಿ ಸತ್ತವರ ಲೆಕ್ಕಕ್ಕೆ ಇದೂ ಸೇರುತ್ತದೆ. ಆದರೆ ಊರು, ತಾರೀಖು ನೋಡಿದವರಿಗೆ ಹೆಸರಿಲ್ಲದೆಯೂ ಮನೆ ತಿಳಿಯುತ್ತದೆ. ಫಾರಂನ ‘ಸಾಯುವಾಗ ಮಾಡುತ್ತಿದ್ದ ಕೆಲಸ’ ಎಂಬಲ್ಲಿ ಖಾಲಿ ಬಿಟ್ಟು ಕ್ಯಾಪು ಹಾಕಿದರು.

“ಎಲ್ಲಿ, ಕೊಡಿ ನೋಡಾನ.”

ಪುಟ್ಟತಾಯಮ್ಮ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದಳು. ಮಗುಚಿ ಹಿಂಬದಿಯನ್ನೂ ನೋಡಿದಳು. ಆಮೇಲೆ ಚೀಲದತ್ತ ಕಣ್ಣು ಹಾಯಿಸಿದಳು.

“ಫೋನ್ ಎಲ್ಲೈತೆ? ರೆಕಾರ್ಡ್ ಗಿಕಾರ್ಡ್ ಮಾಡ್ಕಂತಿಲ್ಲ ತಾನೆ?”

ಕನಕಲಕ್ಷ್ಮಿ ಫೋನು ತೆಗೆದು ಆಕೆಯ ಕೈಗೇ ಕೊಟ್ಟರು.