ಮೊಮ್ಮಗಳ ಕೈ ಕಿವಿಗೆ ಹೋದದ್ದೇಕೆ?

ಕಳೆದ ವರ್ಷ ಜುಲೈ ತಿಂಗಳಿನ ಮಾತು. ಮೊಮ್ಮಗಳು ಇಂಚರಳನ್ನು ಶಿಶುವಿಹಾರಕ್ಕೆ ಸೇರಿಸಿ ಒಂದೂವರೆ ತಿಂಗಳಾಗಿತ್ತು. ಮಗಳು ಕಾಮಸಮುದ್ರದ ಕಡೆ ಶಾಲೆಯಲ್ಲಿ ಶಿಕ್ಷಕಿ, ಏಳೂವರೆಯ ಬಸ್ಸಿಗೆ ಹೊರಡುತ್ತಾಳೆ. ಅಳಿಯನಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಹಾಗಾಗಿ ಮಗುವನ್ನು ಒಂಬತ್ತಕ್ಕೆ ಬಿಡುವುದು, ಹನ್ನೆರಡೂವರೆಗೆ ಕರೆತರುವುದು ನನ್ನ ಪಾಲಿನ ಕೆಲಸ. ಒಂದು ದಿನವೂ ಐದು ನಿಮಿಷ ಆಚೀಚೆ ಆದದ್ದಿಲ್ಲ.

ಆ ಶುಕ್ರವಾರ ಮಿಸ್ ಗೇಟಿನಲ್ಲೇ ನನ್ನನ್ನು ತಡೆದರು. ಇಂಚರ ತನ್ನ ಪಕ್ಕ ಕೂರುವ ಮೀನಾ ಎಂಬ ಮಗುವಿನ ಬೆನ್ನಿಗೆ ಬಾರಿಸಿದ್ದಳು. ಮೀನಾ ಮುಗ್ಗರಿಸಿ, ಬೆಂಚಿನ ಅಂಚು ತಗುಲಿ ತುಟಿ ಒಡೆದಿತ್ತು. ಆ ವಾರದಲ್ಲಿ ಅದು ಮೂರನೆಯ ಸಲ.

"ಆ ಮಗು ತಾಯಿ ಬಂದು ಅತ್ತು ಹೋದ್ರು ಸಾರ್. ಇನ್ನೊಂದ್ಸಲ ಹೀಗಾದ್ರೆ ಈ ವರ್ಷ ಇವಳನ್ನ ಮನೇಲೇ ಇಟ್ಕೊಳ್ಳಿ."

"ನಮ್ಮ ಮನೇಲಿ ಯಾರೂ ಯಾರ ಮೇಲೂ ಕೈ ಮಾಡೋದಿಲ್ಲ ಮಿಸ್" ಎಂದೆ. ಅದು ನಿಜವೂ ಆಗಿತ್ತು.

ಅಲ್ಲೇ ನಿಂತಿದ್ದ ಆಯಾ ರೋಸಮ್ಮ ಹತ್ತಿರ ಬಂದಳು. "ಸಾರ್, ಪಾಪ ಒಡಿಯೋಕ್ ಮುಂಚೆ ಇಂಗೆ ಮಾಡ್ತದೆ" ಎಂದು ತನ್ನ ಎರಡೂ ಕೈಗಳನ್ನು ಕಿವಿಯ ಹತ್ತಿರ ಒಯ್ದು, ನಿಧಾನವಾಗಿ ಎದೆಗೆ ಇಳಿಸಿದಳು. "ಆಮೇಲೆ ಪಟ್ ಅಂತ ಒಂದ್ ಅಡಿ! ಕಿವಿ ನೋವೋ ಏನೋ, ಪಾವಂ" ಎಂದು ತನ್ನ ತಮಿಳಿನಲ್ಲಿ ಮರುಗಿದಳು.

ನಾನು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು. ಅಳತೆ ತಪ್ಪಿದ ಭಾಗವನ್ನು ಬದಿಗಿಡುವುದು ಅರ್ಧ ಕೆಲಸ. ಅದು ಯಾವ ಯಂತ್ರದಲ್ಲಿ, ಯಾರ ಕೈಯಲ್ಲಿ ಹಾಗಾಯಿತೆಂದು ಹಿಂದಕ್ಕೆ ಹುಡುಕಿಕೊಂಡು ಹೋಗುವುದು ಇನ್ನರ್ಧ. ಇಲ್ಲೂ ಹಾಗೇ ಶುರುಮಾಡಿದೆ. ಸಂಜೆ ಮಗುವಿನ ಪಕ್ಕ ಕೂತು ಅವಳ ಕಾರ್ಟೂನುಗಳನ್ನೆಲ್ಲ ನೋಡಿದೆ. ಹೊಡೆದಾಟ ಬೇಕಾದಷ್ಟಿತ್ತು, ಕಿವಿ ಮುಟ್ಟಿಕೊಳ್ಳುವವರು ಒಬ್ಬರೂ ಇರಲಿಲ್ಲ. ಎದುರು ಸಾಲಿನ ಮನೆಯ ಗಂಡ ಹೆಂಡತಿ ದಿನವೂ ಬೀದಿಯಲ್ಲಿ ನಿಂತು ಮೂರು ಭಾಷೆಯಲ್ಲಿ ಜಗಳವಾಡುತ್ತಾರೆ. ಅವರನ್ನೂ ಗಮನಿಸಿದೆ. ಅವರ ಕೈಗಳು ಸೊಂಟ ಬಿಟ್ಟು ಮೇಲೇಳಲಿಲ್ಲ.

ಕೊನೆಗೆ ಮಗುವನ್ನೇ ಕೇಳಿದೆ. "ಮೀನಾಗೆ ಯಾಕಮ್ಮಾ ಹೊಡೆದೆ?"

"ಅವಳು ಲೇಟು" ಎಂದಳು. ನನಗೆ ಅದರಿಂದ ಏನೂ ಹೊಳೆಯಲಿಲ್ಲ.

ಉಳಿದದ್ದು ಕಿವಿ. ಮಾರನೆಯ ದಿನ ಉರಿಗಾಂನಿಂದ ರೈಲಿನಲ್ಲಿ ಬಂಗಾರಪೇಟೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಎರಡೂ ಕಿವಿಗೆ ಬೆಳಕು ಬಿಟ್ಟು ನೋಡಿ, ಏನೂ ತೊಂದರೆಯಿಲ್ಲವೆಂದರು. ಇನ್ನಷ್ಟು ಗೊಂದಲದಲ್ಲೇ ವಾಪಸ್ಸು ಉರಿಗಾಂ ಮೇಲೆ ಹೋಗುವ ಮಾರಿಕುಪ್ಪಂ ಗಾಡಿ ಹತ್ತಿದೆ.

ಗಾಡಿ ತುಂಬಿತ್ತು. ಕಿಟಕಿಯ ಪಕ್ಕ ಒಂದೇ ಜಾಗ ಖಾಲಿ, ಅದರ ಮೇಲೊಂದು ಟವೆಲ್.

"ಆಳು ಬತ್ತಾರೆ ತಾತ" ಎಂದ ಪಕ್ಕದಲ್ಲಿ ಕೂತಿದ್ದ ಯುವಕ.

ಗಾಡಿ ಹೊರಟಿತು. ಆಳು ಬರಲಿಲ್ಲ.

"ಎಲ್ಲಯ್ಯಾ ನಿನ್ನ ಆಳು?"

"ಟೀ ಕುಡಿಯೋಕೆ ಓಗವ್ರೆ."

"ಓಡೋ ಗಾಡಿ ಬಿಟ್ಟು ಎಲ್ಲಿಗಯ್ಯಾ ಟೀಗೆ ಹೋಗಿದ್ದಾನೆ?"

ನನಗೆ ಕೋಪ ನೆತ್ತಿಗೇರಿತು. ಎರಡೂ ಕೈಯಿಂದ ಕನ್ನಡಕ ತೆಗೆದು, ಮಡಿಸಿ, ಎಡಜೇಬಿಗೆ ಇಟ್ಟೆ. ಸೀಟಿನ ಹಲಗೆಗೆ ಬಾರಿಸಲು ಅಂಗೈ ಎತ್ತಿದೆ. ಅಷ್ಟರಲ್ಲಿ ನನ್ನ ಮೊಣಕಾಲ ಹತ್ತಿರ ನಿಂತಿದ್ದ ಇಂಚರಳ ಕಡೆ ಕಣ್ಣು ಹೋಯಿತು. ಅವಳ ಎರಡೂ ಕೈ ಕಿವಿಯಿಂದ ಇಳಿಯುತ್ತಿದ್ದವು. ಇಲ್ಲದ ಏನನ್ನೋ ಮಡಿಸಿದಳು. ಜೇಬೇ ಇಲ್ಲದ ಫ್ರಾಕಿನ ಎದೆಯ ಮೇಲೆ ಅದನ್ನು ಜೋಪಾನವಾಗಿ ಇಟ್ಟಳು. ಆಮೇಲೆ ಆ ಯುವಕನ ತೊಡೆಗೆ ಫಟಾರನೆ ಕೊಟ್ಟು, "ಲೇಟು! ಟೈಮ್ ಅಂದ್ರೆ ಟೈಮ್!" ಎಂದಳು.

ಆ ಮಾತೂ ನನ್ನದೇ.

"ಏನ್ ತಾತಾ, ಟ್ರೈನಿಂಗ್ ಕೊಟ್ಟು ಕರ್ಕೊಂಡ್ ಬಂದಿದ್ದೀರಾ?" ಎಂದು ಯುವಕ ತೊಡೆ ಉಜ್ಜಿಕೊಂಡು ಟವೆಲ್ ತೆಗೆದ. ಇಡೀ ಬೋಗಿ ನಕ್ಕಿತು. ಎತ್ತಿದ ಕೈ ಎತ್ತಿಕೊಂಡೇ ನಾನು ಕುಳಿತೆ.

ಎಷ್ಟೋ ವರ್ಷಗಳ ಹಿಂದೆ ಕಾರ್ಖಾನೆಯಲ್ಲಿ ಮೇಜು ಗುದ್ದಿದಾಗ ಕನ್ನಡಕ ಹಾರಿಬಿದ್ದು ಚೂರಾಗಿತ್ತು. ಅಂದಿನಿಂದ ಕೋಪ ಬಂದರೆ ಮೊದಲು ಕನ್ನಡಕ ಜೇಬಿಗೆ, ಆಮೇಲೆ ಕೈ ಮೇಜಿಗೆ. ಹಾಲು ಲೇಟಾದರೂ ಅಷ್ಟೇ, ಪೇಪರ್ ಲೇಟಾದರೂ ಅಷ್ಟೇ. ನಾನು ಹೊಡೆದದ್ದು ಬರೀ ಮೇಜಿಗೆ. ಆದರೆ ಲೇಟಾಗಿ ಬಂದ ಮೀನಾ ಎದುರು ನಿಂತಾಗ ಇಂಚರಳ ಮುಂದೆ ಮೇಜಿರಲಿಲ್ಲ, ಮೀನಾ ಇದ್ದಳು.

ಮನೆಗೆ ಬಂದು ಹೆಂಡತಿ ಸರೋಜಳಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಮದ್ವೆ ಆದಾಗಿಂದ ನೋಡ್ತಾ ಇದ್ದೀನಲ್ಲ. ನಿಮ್ ಕನ್ನಡ್ಕ ಜೇಬಿಗೋದ್ರೆ ನಾನು ಅಡುಗೆಮನೆಗೋಗ್ತೀನಿ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕನ್ನಡ್ಕ ತೆಗೀತಿದ್ರಿ."

ಸೋಮವಾರ ಗೇಟಿನಲ್ಲಿ ಕಾದು ನಿಂತು, ಮೀನಾಳ ತಾಯಿಗೆ ಮಕ್ಕಳ ಎದುರೇ ಕೈ ಮುಗಿದೆ. ತಪ್ಪು ಮಗುವಿನದಲ್ಲ, ನನ್ನದು ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. "ನಮ್ಮನೇಲೂ ಅವರಪ್ಪ ಕೋಪ ಬಂದ್ರೆ ಬಾಗ್ಲು ದಬಾರ್ ಅನ್ಸ್ತಾರೆ ತಾತ. ಇವ್ಳು ಏನ್ ಕಲ್ತವ್ಳೋ" ಎಂದು ಮಗಳ ಒಡೆದ ತುಟಿಯನ್ನೇ ನೋಡುತ್ತ ನಿಂತಳು. ಮಿಸ್ ಇನ್ನು ಹದಿನೈದು ದಿನ ನೋಡೋಣವೆಂದರು.

ಅದೇ ವಾರ ಹಾಲಿನ ಮುನಿಯಪ್ಪ ಅರ್ಧ ಗಂಟೆ ತಡವಾಗಿ ಬಂದ. ನನ್ನ ಕೈಗಳು ತಾವಾಗಿ ಕನ್ನಡಕಕ್ಕೆ ಹೋದವು. ಇಂಚರ ಹಲ್ಲುಜ್ಜುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ತೆಗೆದಾಗಿತ್ತು. ಏನು ಮಾಡುವುದು? ಪಂಚೆಯ ಅಂಚಿನಿಂದ ಗಾಜು ಒರೆಸಿ, ಮತ್ತೆ ಹಾಕಿಕೊಂಡು, "ನಾಳೆ ಬೇಗ ಬಾರಯ್ಯಾ" ಎಂದೆ.

ಮುನಿಯಪ್ಪ ಗಾಬರಿಯಾದ. "ಏನ್ ಸಾರ್, ಮೈ ಉಷಾರಿಲ್ವಾ?"

ಹತ್ತು ದಿನದ ಮೇಲೆ ರೋಸಮ್ಮ ಗೇಟಿನಲ್ಲಿ ಸಿಕ್ಕಳು. ಮೀನಾ ಅಂದು ಮತ್ತೆ ತಡವಾಗಿ ಬಂದಿದ್ದಳಂತೆ. ಇಂಚರಳ ಕೈ ಕಿವಿಗೆ ಹೋದದ್ದು ನೋಡಿ ರೋಸಮ್ಮ ಓಡಿ ಬಂದಳಂತೆ. "ಒಡೀಲಿಲ್ಲ ಸಾರ್! ಫ್ರಾಕ್‌ನಲ್ಲಿ ಏನೋ ಒರೆಸ್ಕೊಂಡು, ತಿರ್ಗ ಕಿವಿಗೆ ಹಾಕ್ಕೊಂಡು, 'ನಾಳೆ ಬೇಗ ಬಾರಯ್ಯಾ' ಅಂತು. ಆದ್ರೆ ಆಮೇಲೆ ನಾಲಿಗೆ ಚಾಚಿ ಅಣಕಿಸ್ತು."

ನಾಲಿಗೆ ಚಾಚುವುದು ನನ್ನ ಅಭ್ಯಾಸವಲ್ಲ. ಅದು ಎಲ್ಲಿಂದ ಬಂತೆಂದು ಇನ್ನೂ ಹುಡುಕುತ್ತಿದ್ದೇನೆ. ನಾನು ಸಿಡುಕಿ ಬೆನ್ನು ತಿರುಗಿಸಿದಾಗ ಸರೋಜಳ ಮುಖ ಹೇಗಿರುತ್ತದೆಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ. ಅದನ್ನು ನೋಡಿರುವವಳು ನಮ್ಮ ಮನೆಯಲ್ಲಿ ಒಬ್ಬಳೇ ಇದ್ದಾಳೆ.