ಸರಸ್ವತೀಬಾಯಿಯ ದಿಲ್ಲಿ

ಸರಸ್ವತೀಬಾಯಿ ದಿಲ್ಲಿಯನ್ನು ಕಣ್ಣಾರೆ ಕಂಡಿರಲಿಲ್ಲ. ಆದರೂ ದಿಲ್ಲಿಯಲ್ಲಿ ಅವಳ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ ಎಂದು ನನಗೆ ಗೊತ್ತಿತ್ತು. ಮೂಡಣಕ್ಕೆ. ಕಿಟಕಿಯ ಹೊರಗೆ ಒಂದು ಬೇವಿನ ಮರ. ಒಳಗೆ ಮೇಜು, ಮೇಜಿನ ಮೇಲೆ ಭೂಗೋಳ, ಬಾಗಿಲಿಗೆ ಒಳಗಿನಿಂದ ಚಿಲಕ. ಬಾದಾಮಿಗೆ ಬಂದಾಗಲೆಲ್ಲ ಅಗಸ್ತ್ಯತೀರ್ಥದ ಕೆರೆಯ ಮೆಟ್ಟಿಲ ಮೇಲೆ ಕೂತು, ಕಾಲನ್ನು ನೀರಿಗೆ ಬಿಟ್ಟುಕೊಂಡು, ಅವಳು ಇದನ್ನೆಲ್ಲ ಹೇಳುತ್ತಿದ್ದಳು. ಇಳಿಹೊತ್ತಿನಲ್ಲಿ ಎದುರಿನ ಕೆಂಪು ಗುಡ್ಡ ನೀರಲ್ಲಿ ಅಲುಗಾಡುತ್ತಿರುತ್ತಿತ್ತು. ಕೇಳುತ್ತ ಕೂತರೆ ನನಗೂ ನಾನು ಎಲ್ಲಿದ್ದೇನೆ ಎಂಬುದು ಮರೆತುಹೋಗುತ್ತಿತ್ತು, ಬಂದ ಕೆಲಸವೂ ಮರೆತುಹೋಗುತ್ತಿತ್ತು.

ನಾನು ಲೀಲಾಬಾಯಿ. ಬಾಗಲಕೋಟೆಯಲ್ಲಿ ನಾವಿಬ್ಬರೂ ಒಂದೇ ಓಣಿಯವರು, ಒಂದೇ ಸಾಲೆಗೆ ಹೋದವರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಅವಳ ಸೋದರತ್ತೆ ತುಳಸೀಬಾಯಿಯವರ ಮನೆಗೇ ಸೊಸೆಯಾಗಿ ಬಾದಾಮಿಗೆ ಬಂದೆ. ಸರಸಿಗೆ ನನಗಿಂತ ಮೊದಲೇ, ಹದಿನಾಲ್ಕಕ್ಕೇ, ಲಗ್ನವಾಗಿತ್ತು. ಗಂಡನ ಮನೆಯ ಹೊಸ್ತಿಲು ತುಳಿಯುವ ಮೊದಲೇ ಆ ಹುಡುಗ ವಿಷಮಜ್ವರದಲ್ಲಿ ತೀರಿಕೊಂಡ. ಅವನ ಮುಖ ಹೇಗಿತ್ತೆಂಬುದು ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ಅಷ್ಟಕ್ಕೇ ಕುಂಕುಮ ಹೋಯಿತು, ಬಳೆ ಹೋದವು, ಬಿಳೀ ಸೀರೆ ಬಂತು. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ಬರೆಯುವಾಗಲೂ ಅದು ಇಳಿದಿಲ್ಲ.

ಅವಳ ತಂದೆ ಕೃಷ್ಣಾಜಿ ಮಾಸ್ತರರು ಒಂದು ಒಳ್ಳೆಯ ಕೆಲಸ ಮಾಡಿದರು. ಯಾರು ಏನೇ ಅನ್ನಲಿ ಎಂದು ಮಗಳನ್ನು ಕಾಲೇಜಿಗೆ ಹಾಕಿದರು. ಅವಳು ಬಿ.ಎ. ಓದುವಾಗ, ಐವತ್ತೆಂಟನೆಯ ಇಸವಿಯಲ್ಲಿ, ಕಾಲೇಜಿನ ಫಲಕದ ಮೇಲೆ ಒಂದು ಕಾಗದ ಅಂಟಿತ್ತು. ವಿದೇಶಾಂಗ ಖಾತೆಯವರು ಓದುವ ಹುಡುಗ ಹುಡುಗಿಯರಿಗೆ ರಾಯಭಾರದ ಕೆಲಸ ಕಲಿಸುತ್ತಾರೆ, ಕಲಿಯುವಾಗಲೇ ಪಗಾರ ಕೊಡುತ್ತಾರೆ. ಮೊದಲು ಎರಡು ತಿಂಗಳು ನಮ್ಮ ಸೀಮೆಯನ್ನು ನೋಡಲು ಬರುವ ಪರದೇಶದವರ ಜೊತೆ ದುಭಾಷಿಯಾಗಿ ತಿರುಗಬೇಕು. ಅದರಲ್ಲಿ ಪಾಸಾದವರಿಗೆ, ಬಿ.ಎ. ಮುಗಿಯುತ್ತಲೇ, ಒಂದು ವರ್ಷ ದಿಲ್ಲಿ. ಅರ್ಜಿ ಹಾಕಿದ ಹನ್ನೊಂದು ಜನರಲ್ಲಿ ಹೆಣ್ಣೆಂದರೆ ಇವಳೊಬ್ಬಳೇ, ಆರಿಸಿಕೊಂಡದ್ದೂ ಇವಳೊಬ್ಬಳನ್ನೇ.

"ದಿಲ್ಲಿಯೊಳಗ ಏನದ ಅಂಥಾದ್ದು? ಥಂಡಿ ಭಾಳ ಅಂತ," ಎಂದು ನಾನು ಕಾಡಿಸುತ್ತಿದ್ದೆ.

"ಅಲ್ಲೆ ಯಾರಿಗೂ ನಾ ಯಾರಾಕಿ ಅನ್ನೋದು ಗೊತ್ತಿರಂಗಿಲ್ಲ ಲೀಲಾ. ಮುಂಜಾನೆದ್ದು ಓಣಿಯೊಳಗ ಹೊಂಟ್ರ, ಯಾರೂ ನನ್ನ ನೋಡಿ ಹಿಂದಕ್ಕ ಹೊಳ್ಳಂಗಿಲ್ಲ."

ಅವಳು ಮತ್ತೆ ನೀರು ನೋಡುತ್ತ ಕೈರೋ, ರಂಗೂನ್, ಓಸ್ಲೋ ಎಂದು ಊರುಗಳ ಹೆಸರು ಹೇಳತೊಡಗಿದಳು. ಗುಡ್ಡದ ಮೇಲಿನ ಮಂಗಗಳು ಕೆಳಗಿಳಿದು, ನಾನು ಒಗೆದು ಹಾಕಿದ್ದ ಬಟ್ಟೆ ಎಳೆದುಕೊಂಡು ಹೋದವು. ನಮ್ಮಿಬ್ಬರಿಗೂ ಅದು ಗೊತ್ತಾಗಲಿಲ್ಲ.

ಕೆಲಸ ಕಲಿಸಲು ಬಂದಿದ್ದವರು ಧಾರವಾಡದ ಕಡೆಯ ಒಬ್ಬ ಸಾಹೇಬರು. ವಯಸ್ಸಾದವರು, ಸೌಮ್ಯ ಸ್ವಭಾವದವರು, ನಮ್ಮ ಮಾತು ಅವರಿಗೆ ಚೆನ್ನಾಗಿ ಬರುತ್ತಿತ್ತು. ಮೊದಲ ದಿನವೇ ಅವರು ಕಟ್ಟುನಿಟ್ಟು ಮಾಡಿದ್ದರು: "ನೋಡವಾ, ಅವರಂದದ್ದು ಇವರಿಗೆ, ಇವರಂದದ್ದು ಅವರಿಗೆ. ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ನು, ನಡೀತದ. ಆದ್ರ ಒಬ್ಬರ ಮಾತು ಬದಲಿ ಮಾಡಬ್ಯಾಡ. ಮಾಡಿದಿ ಅಂದ್ರ ದಿಲ್ಲಿ ಇಲ್ಲ." ಸರಸಿ ಅದನ್ನು ವಹಿಯಲ್ಲಿ ಬರೆದುಕೊಂಡು ಬಂದು ನನಗೆ ಓದಿ ತೋರಿಸಿದ್ದಳು.

ಎರಡು ತಿಂಗಳ ಕೊನೆಗೆ ಬಂದವಳು ನಾರ್ವೆ ದೇಶದ ರಾಯಭಾರಿಯ ಹೆಂಡತಿ. ಎತ್ತರದ ಹೆಂಗಸು, ಬಿಸಿಲಿಗೆ ಮುಖವೆಲ್ಲ ಕೆಂಪಾಗಿತ್ತು. ಮೊದಲ ದಿನ ಮೋಟಾರಿನಲ್ಲಿ ಹುನಗುಂದದ ಮೇಲಿಂದ ಇಳಕಲ್ಲಿಗೆ ಹೋದರು. ಅಲ್ಲಿ ನೇಕಾರರ ಮನೆಯ ಸಿದ್ದಲಿಂಗವ್ವ ಎಂಬ ಮುದುಕಿ, ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದನ್ನು ಒಂದು ತಾಸು ತೋರಿಸಿದಳಂತೆ. ಸರಸಿ ಒಂದೊಂದನ್ನೂ ಇಂಗ್ಲೀಷಿನಲ್ಲಿ ಬಿಡಿಸಿ ಹೇಳಿದಳಂತೆ. ಸಾಹೇಬರು ಬರಿಯ "ಛಲೋ" ಎಂದರಂತೆ. ಅವರ ಬಾಯಿಂದ ಅಷ್ಟು ಬಂದರೆ ಅದೇ ಹೆಚ್ಚು.

ಮರುದಿನ ಬಾದಾಮಿಯ ಗುಹೆಗಳನ್ನು ನೋಡಿ ಇಳಿದ ಮೇಲೆ, ಮೇಮಸಾಹೇಬರಿಗೆ ಯಾರದಾದರೂ ಮನೆಯೊಳಗೆ ಕೂತು ನೋಡಬೇಕು ಅನ್ನಿಸಿತು. ಸರಸಿ ನಮ್ಮ ಮನೆಗೇ ಕರೆದುಕೊಂಡು ಬಂದಳು; ಸಾಹೇಬರೂ ಬಂದು, ವಹಿ ತೆರೆದು ಒಂದು ಬದಿಗೆ ಕೂತರು. ಕೊನೆಯ ದಿನ, ಕೊನೆಯ ತಾಸು. ಅವಳ ಮುಖ ನೋಡಿದೆ. ದೇಹ ನಮ್ಮ ಪಡಸಾಲೆಯಲ್ಲಿತ್ತು, ಕಣ್ಣು ಆಗಲೇ ಆ ಬೇವಿನ ಮರದ ಕಿಟಕಿಯಲ್ಲಿತ್ತು.

ನಮ್ಮತ್ತೆ ತುಳಸೀಬಾಯಿಯವರು ಹಿಗ್ಗಿಹೋದರು. ಮನೆಗೆ ಬಂದ ಮುತ್ತೈದೆಯನ್ನು ಬರಿಗೈಲಿ ಕಳಿಸುವುದು ಅವರ ಜನ್ಮದಲ್ಲಿಲ್ಲ. "ಮೊದಲ ಕೇಳು, ಗಂಡ ಅದಾನಲ್ಲ?" ಎಂದರು. ಸರಸಿ ಕೇಳಿ, "ಅದಾರಂತ್ರಿ ಅತ್ತಿ, ದಿಲ್ಲಿಯೊಳಗ," ಎಂದಳು. ಅಷ್ಟೇ ಸಾಕಾಯಿತು. ನಾನು ತಾಟಿನಲ್ಲಿ ಅಕ್ಕಿ, ಕೊಬ್ಬರಿಬಟ್ಟಲು, ಅರಿಶಿನಬೇರು, ಎಲೆ ಅಡಿಕೆ, ಗುಳೇದಗುಡ್ಡದ ಕುಪ್ಪಸದ ಖಣ ಇಟ್ಟುಕೊಂಡು ಬಂದೆ. ಆದರೆ ಸೆರಗೇ ಇಲ್ಲದ ಹೆಂಗಸಿಗೆ ಉಡಿ ತುಂಬುವುದು ಹೇಗೆ? ಅತ್ತೆ ತಮ್ಮದೇ ಇಳಕಲ್ಲ ಸೀರೆಯೊಂದನ್ನು ತಂದು ಅವಳ ಫ್ರಾಕಿನ ಮೇಲೆ ಸುತ್ತಿ, ಸೆರಗು ಹಿಡಿಸಿ, ಹಣೆಗೆ ಕುಂಕುಮವಿಟ್ಟು ಐದು ಸಲ ಬೊಗಸೆ ತುಂಬ ಅಕ್ಕಿ ಹಾಕಿದರು. ಆ ಹೆಂಗಸು ಉಡಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ನಿಂತಳು.

ಸರಸಿ ಮೂರು ಹೆಜ್ಜೆ ದೂರದಲ್ಲಿ ಕಂಬಕ್ಕೆ ಆತುಕೊಂಡಿದ್ದಳು. ತಾಟು ಹಿಡಿದ ನಾನು ಅವಳ ಮುಂದೆಯೇ ಹಾದು ಹೋದೆ, ಸೀರೆಯ ಅಂಚು ತಾಗದ ಹಾಗೆ. ಹೌದು, ನಾನೇ. ರೂಢಿ ಅಂದರೆ ಅದು.

ಮೇಮಸಾಹೇಬರು ಅದನ್ನು ಕಂಡರೋ ಏನೋ. ಸರಸಿಯ ಕಡೆ ಕೈ ಮಾಡಿ ಏನೋ ಕೇಳಿದರು. ಸರಸಿ ನೆಲ ನೋಡುತ್ತ, "ಈ ಹುಡುಗಿಗೆ ಯಾಕ ತುಂಬಲಿಲ್ಲ ಅಂತ ಕೇಳ್ತಾರ್ರಿ ಅತ್ತಿ," ಎಂದಳು. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ.

"ಹೇಳು," ಎಂದರು ಅತ್ತೆ. "ಈಕಿ ಗಂಡನ್ನ ನುಂಗಿದಾಕಿ, ಈಕೀಗೆ ತುಂಬಿದ್ರ ನಮ್ಮ ಮನಿಗೇ ಕೇಡು ಅಂತ ಹೇಳು. ಅದರಾಗ ಏನದ ಮುಚ್ಚಿಡೋದು?"

ಅತ್ತೆಗೆ ಅದು ಬೈಗುಳ ಎಂದು ಅನ್ನಿಸಿರಲೇ ಇಲ್ಲ. ಬೇಸಿಗೆಯಲ್ಲಿ ಬಿಸಿಲು ಇರುತ್ತದೆ ಎಂದು ಹೇಳಿದ ಹಾಗೆ ಹೇಳಿಬಿಟ್ಟರು. ನನಗೆ ತಾಟನ್ನು ನೆಲಕ್ಕೆ ಕುಕ್ಕಬೇಕು ಅನ್ನಿಸಿತು, ಕುಕ್ಕಲಿಲ್ಲ. ಸರಸಿ ಮೇಮಸಾಹೇಬರ ಕಡೆ ತಿರುಗಿ, ಮೆಲ್ಲಗೆ ನಗುತ್ತ, ಇಂಗ್ಲೀಷಿನಲ್ಲಿ ನಾಲ್ಕು ಮಾತು ಆಡಿದಳು. ಬರೆಯುತ್ತಿದ್ದ ಸಾಹೇಬರ ಕೈ ನಿಂತಿತು. ಆ ಹೆಂಗಸು ಮಾತ್ರ ಸಂತೋಷದಿಂದ ತಲೆಯಾಡಿಸಿ, ಪಕ್ಕಕ್ಕೆ ಸರಿದು, ಅತ್ತೆಯ ಮುಖವನ್ನೇ ನೋಡುತ್ತ ಕಾದು ನಿಂತಳು.

"ಯಾಕ ಹಂಗ ನೋಡ್ತಾಳ ಈಕಿ? ಏನಂದಿ ಆಕೀಗೆ?"

"ನೀವು ಮರತಿದ್ರಿ, ಈಗ ತುಂಬ್ತೀರಿ ಅಂತ ಹೇಳೇನ್ರಿ."

"ಎಲಾ ಇವಳ! ನನ್ನ ಮಾತು ನೀ ಯಾಕ ಬದಲಿ ಮಾಡಿದಿ?"

"ನೀವಂದದ್ದು ಹೇಳಿದ್ರ ಅವರು ಇಡೀ ಜನ್ಮ ನಿಮ್ಮನ್ನ ಹಂಗಽ ನೆನಸ್ತಿದ್ರು ಅತ್ತಿ," ಎಂದಳು ಸರಸಿ. "ನೀವು ಅಂಥಾಕಿ ಅಲ್ಲ. ನಾ ಸಣ್ಣಾಕಿದ್ದಾಗ ನನ್ನ ಕಜ್ಜಿ ತೊಳದಾಕಿ ನೀವು. ಅದು ಅವರಿಗೆ ಹೆಂಗ ಗೊತ್ತಾಗಬೇಕು?"

ಅತ್ತೆ ಅವಳನ್ನು ನೋಡಿದರು, ಕಾದು ನಿಂತ ಆ ಹೆಂಗಸನ್ನು ನೋಡಿದರು. ತಾಟಿಗೆ ಕೈ ಹಾಕಿದವರು ನನ್ನ ಮೇಲೆ ರೇಗಿದರು: "ಏನ್ ನೋಡ್ತಿ ಕಂಬ ನಿಂತಂಗ? ಇನ್ನೊಂದು ಖಣ ತಾ!" ನಾನು ಓಡಿದೆ. ಖಣ ತಂದುಕೊಟ್ಟೆ. ಆರು ವರ್ಷಗಳ ಮೇಲೆ ಸರಸಿಯ ಬಿಳೀ ಸೆರಗಿನಲ್ಲಿ ಅಕ್ಕಿ ಬಿತ್ತು. ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ನಾನಂತೂ ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ. ಮೇಮಸಾಹೇಬರು ಚಪ್ಪಾಳೆ ತಟ್ಟಿದರು, ಪಾಪ, ಅವರಿಗೇನು ಗೊತ್ತು.

ಸಾಹೇಬರು ಹೋಗುವಾಗ ಬಾಗಿಲಲ್ಲಿ ನಿಂತರು. "ಸರಸ್ವತೀಬಾಯಿ, ನಾ ಬರೀದಽ ಇರಲಿಕ್ಕೆ ಆಗಂಗಿಲ್ಲವಾ," ಎಂದರು. "ಇವತ್ತು ಮನಿಮಂದಿ ಮಾತು. ನಾಳೆ ಎರಡು ದೇಶದ ಮಾತು ಇರ್ತದ."

"ಬರೀರಿ," ಎಂದಳು ಸರಸಿ. "ಬದಲಿ ಮಾಡಿದ್ದು ಖರೆ ಅದ."

ಅವರು ಬರೆದರು. ಹೋಳಿಹುಣ್ಣಿವೆಯ ಹೊತ್ತಿಗೆ ದಿಲ್ಲಿಯಿಂದ ಕಾಗದ ಬಂತು. ಅಭ್ಯರ್ಥಿಯ ಭಾಷಾಜ್ಞಾನ ಉತ್ತಮವಾಗಿದೆ, ಆದರೆ ಮುಂದಿನ ತರಬೇತಿಗೆ ಆರಿಸಲಾಗಿಲ್ಲ. ಎರಡೇ ಸಾಲು. ಬಿ.ಎ. ಮುಗಿಸಿದ ಮೇಲೆ ಹುನಗುಂದದ ಹೆಣ್ಣುಮಕ್ಕಳ ಸಾಲೆಯಲ್ಲಿ ಅವಳಿಗೆ ಮಾಸ್ತರಿಕೆ ಸಿಕ್ಕಿತು.

ಅಲ್ಲಿಗೆ ಹೋಗುವ ಮೊದಲು ಒಂದು ದಿನ ಬಾದಾಮಿಗೆ ಬಂದಿದ್ದಳು. ಅತ್ತೆ ಅವಳನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಊಟಕ್ಕೆ ಬಡಿಸಿದರು. ಇಂಥದ್ದು ಆ ಮನೆಯಲ್ಲಿ ಹಿಂದೆ ನಡೆದಿರಲಿಲ್ಲ. ಇಳಿಹೊತ್ತಿಗೆ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ಗಾಳಿ ಇರಲಿಲ್ಲ, ನೀರು ಮಲಗಿದಂತಿತ್ತು. ಅಷ್ಟು ಹೊತ್ತಾದರೂ ಅವಳು ಒಂದು ಊರಿನ ಹೆಸರನ್ನೂ ಹೇಳಲಿಲ್ಲ. ನನಗೆ ತಡೆಯಲಾಗಲಿಲ್ಲ, ಸಮಾಧಾನ ಹೇಳಬೇಕು ಅನ್ನಿಸಿತು. ಉಡಿ ತುಂಬಿದ ದಿನದಿಂದ ನಾನು ಓಣಿಯ ಹೆಂಗಸರ ಮುಂದೆ ಕೊಚ್ಚಿಕೊಂಡದ್ದೂ ಈ ಮಾತನ್ನೇ.

"ದಿಲ್ಲಿ ಹೋದ್ರ ಹೋತು ಬಿಡು ಸರಸಿ. ನಮ್ಮತ್ತಿ ಕೈಲೆ ಉಡಿ ತುಂಬಿಸಿಕೊಂಡಿ. ಅದಕ್ಕಿಂತ ದೊಡ್ಡದು ಏನದ?"

ಅವಳು ನನ್ನನ್ನು ನೋಡಿದ ರೀತಿಗೆ ನಾನು ಹಿಂದೆ ಸರಿದೆ. ಸಿಟ್ಟು ನನ್ನದೊಬ್ಬಳದೇ ಎಂದುಕೊಂಡಿದ್ದೆ.

"ಉಡಿ!" ಎಂದಳು. "ಆ ಅಕ್ಕಿ ಬೇಯಿಸಿ ಉಂಡೆ, ಲೀಲಾ. ಒಂದು ಹೊತ್ತಿನ ಅನ್ನ ಆತು. ನಾ ಅದನ್ನ ಯಾರನ್ನೂ ಕೇಳಿದ್ದಿಲ್ಲ. ನಾ ಕೇಳಿದ್ದು ದಿಲ್ಲಿ."

ಮುಖವನ್ನು ಮೊಣಕಾಲಿಗೆ ಒತ್ತಿಕೊಂಡು ಅವಳು ಅತ್ತಳು. ಗಂಡ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ.