ಶಾಲೆಯ ಬ್ಯಾಡ್ಜು ಯಾರ ಪಾಲಿಗೆ

ಬೀದಿಯವರು ಅವಳನ್ನು ಸೂಜಿಯಕ್ಕ ಎನ್ನುತ್ತಿದ್ದುದು ಕಸುಬು ನೋಡಿಯಲ್ಲ, ನಾಲಿಗೆ ನೋಡಿ. ಬಟ್ಟೆಯ ಮೇಲೆ ಬಣ್ಣ ಮಂಕಾಗಿದೆ ಎಂದ ಗಿರಾಕಿಗೆ, “ದಾರ ಸರಿಯಾಗೇ ಇದೆ, ಕಣ್ಣು ತೋರಿಸ್ಕೊಳ್ಳಿ” ಎಂದು ಹೇಳಿ ಕಳಿಸಿದವಳು ಅವಳು. ಆದರೂ ಆ ಗಿರಾಕಿ ಮತ್ತೆ ಬಂದ. ಎಂಬ್ರಾಯ್ಡರಿ ಯಂತ್ರಕ್ಕೆ ಅಷ್ಟು ಚೆನ್ನಾಗಿ ಡಿಸೈನು ಮಾಡುವವರು ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ.

ಅತ್ತೆಯ ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ಒತ್ತಿ ನಿಂತ ಹಲವು ಸೂಜಿಗಳ ದೊಡ್ಡ ಯಂತ್ರ, ಪಕ್ಕದಲ್ಲಿ ಕಂಪ್ಯೂಟರ್, ಕಿಟಕಿಯ ಕೆಳಗೆ ಚಾಪೆ. ಯಂತ್ರ ನಡೆಸುವವನು ಮೈದುನ. ಚಾಪೆಯ ಮೇಲೆ ಕುಳಿತು, ಹೊಲಿದು ಬಂದ ಬಟ್ಟೆಯಲ್ಲಿ ಜೋತುಬಿದ್ದ ದಾರದ ತುದಿಗಳನ್ನು ಕತ್ತರಿಸುವವಳು ಅವನ ಹೆಂಡತಿ, ಸೂಜಿಯಕ್ಕನ ಓರಗಿತ್ತಿ. ಅವಳ ಕತ್ತರಿ ಓಡಿದ ಬಟ್ಟೆಯಲ್ಲಿ ಒಂದು ಎಳೆಯೂ ಉಳಿಯುತ್ತಿರಲಿಲ್ಲ. ಇದನ್ನು ಸೂಜಿಯಕ್ಕನೂ ಒಪ್ಪುತ್ತಿದ್ದಳು, ಓರಗಿತ್ತಿ ಇಲ್ಲದಿರುವಾಗ.

ಡಿಸೈನು ಸೂಜಿಯಕ್ಕನ ಕೆಲಸ. ಚಿತ್ರವನ್ನು ಪರದೆಯ ಮೇಲೆ ಹೊಲಿಗೆಗಳಾಗಿ ಒಡೆಯಬೇಕು. ಯಾವ ಬಣ್ಣ ಮೊದಲು, ಸೂಜಿ ಎಲ್ಲಿ ಇಳಿಯಬೇಕು, ಯಾವ ಕಡೆ ತಿರುಗಬೇಕು ಎಂಬುದನ್ನೆಲ್ಲ ಯಂತ್ರಕ್ಕೆ ಹೇಳಬೇಕು. ಯಂತ್ರ ಕೂರಿಸಲು ಬಂದವನು ಒಂದು ಮಧ್ಯಾಹ್ನ ತೋರಿಸಿಕೊಟ್ಟದ್ದು ಬಿಟ್ಟರೆ ಉಳಿದದ್ದನ್ನು ಅವಳೇ ಕೆಡಿಸಿ, ಸರಿಮಾಡಿ ಕಲಿತಿದ್ದಳು.

ಓರಗಿತ್ತಿಯರ ಜಗಳ ಯಾವಾಗ ಶುರುವಾಯಿತೆಂದು ಯಾರಿಗೂ ನೆನಪಿಲ್ಲ. ಮುರಿದುಬಿದ್ದದ್ದು ಮಾತ್ರ ಅಂಗಡಿಗೆ ಹೊಸ ಬೋರ್ಡು ಬಂದ ದಿನ. ಅದರಲ್ಲಿ ಮೈದುನನ ಹೆಸರೊಂದೇ ಇತ್ತು. ಬೇರೆ ಹೋಗುತ್ತೇನೆ ಎಂದಳು ಸೂಜಿಯಕ್ಕ. ಬಾಡಿಗೆ ಗಾಡಿ ಓಡಿಸುವ ಅವಳ ಗಂಡ ಹ್ಞೂ ಎಂದ. ಅತ್ತೆ ಪಾಲು ಹೇಳಿದರು: ಅಂಗಡಿ, ಯಂತ್ರ ಕಿರಿಯವನಿಗೆ, ಡಿಸೈನುಗಳೆಲ್ಲ ಹಿರಿಸೊಸೆಗೆ. ಯಾರೂ ಹಿಂದಿನಿಂದ ನಕಲು ಇಟ್ಟುಕೊಳ್ಳುವಂತಿಲ್ಲ.

ಸೂಜಿಯಕ್ಕ ಪಕ್ಕದ ಓಣಿಯಲ್ಲಿ ಕೋಣೆ ಹಿಡಿದು ಒಂದೇ ಸೂಜಿಯ ಹಳೇ ಯಂತ್ರ ತಂದಿಟ್ಟಳು. ಅವಳು ನೆಚ್ಚಿಕೊಂಡದ್ದು ಶಾಲೆಯ ಬ್ಯಾಡ್ಜನ್ನು. ಪ್ರತಿ ವರ್ಷ ಅಷ್ಟೂ ಮಕ್ಕಳ ಜೇಬಿನ ಮೇಲೆ ಅದು ಬೇಕು. ಮರುದಿನ ಶಾಲೆಯ ಗುಮಾಸ್ತ ಮಾದರಿ ನೋಡಲು ಬರುವವನಿದ್ದ. ಬ್ಯಾಡ್ಜಿನ ಡಿಸೈನು ಯಾರ ಕೈಯಲ್ಲೋ ಶಾಲೆಯ ಕೆಲಸವೂ ಅವರಿಗೇ.

ಡಿಸೈನುಗಳನ್ನು ಒಯ್ಯಲು ಪೆನ್‌ಡ್ರೈವ್ ಹಿಡಿದು ಹಳೇ ಅಂಗಡಿಗೆ ಬಂದವಳು ಕಂಪ್ಯೂಟರಿನಲ್ಲಿ ಮೊದಲು ಆ ಫೈಲನ್ನೇ ಒತ್ತಿದಳು. ಬ್ಯಾಡ್ಜಿನ ಬದಲು ಬಿಳಿ ಹಾಳೆ ತೆರೆಯಿತು, ಮೇಲೆ ಚೆಲ್ಲಾಪಿಲ್ಲಿ ಅಕ್ಷರ. ಉಳಿದ ಫೈಲುಗಳ ಗುರುತಿನ ಚಿತ್ರವೂ ಬದಲಾಗಿ ಎಲ್ಲವೂ ಬಿಳಿ ಹಾಳೆಗಳಾಗಿದ್ದವು.

“ಯಾರು ಕೈ ಹಾಕಿದ್ದು ಇದಕ್ಕೆ?”

“ಕೈ ಹಾಕಬಾರದು ಅನ್ನೋಕೆ ಕಂಪ್ಯೂಟರೇನು ನಿಮ್ಮ ತವರಿಂದ ಬಂದದ್ದಾ ಅಕ್ಕ?” ಓರಗಿತ್ತಿ ಕತ್ತರಿ ನಿಲ್ಲಿಸದೆ ಕೇಳಿದಳು.

“ನನ್ನ ತವರಿಂದ ಬಂದಿದ್ರೆ ನೀನು ಇದರ ಧೂಳೂ ಮುಟ್ತಿರಲಿಲ್ಲ.”

ಮೈದುನ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. “ಏನೂ ಆಗಿಲ್ಲ ಅತ್ತಿಗೆ. ನಿನ್ನೆ ಸುಮ್ನೆ ನೋಡೋಣ ಅಂತ ಹೋದೆ. ಯಾವುದರಲ್ಲಿ ತೆರೀಲಿ ಅಂತ ಕೇಳ್ತು. ಮೊದಲು ಕಂಡದ್ದನ್ನ ಒತ್ತಿದೆ.”

“ಇನ್ಮೇಲೆ ಯಾವಾಗಲೂ ಇದರಲ್ಲೇ ತೆರಿ ಅಂತ ಟಿಕ್ಕೂ ಹಾಕಿದ್ದೀಯ.”

“ಮತ್ತೆ ಮತ್ತೆ ಕೇಳದೆ ಇರ್ಲಿ ಅಂತ.”

“ಇಷ್ಟು ವರ್ಷ ಈ ಕುರ್ಚೀಲಿ ಕೂರದೋನು, ನಾನು ಡಿಸೈನು ಒಯ್ಯೋ ಹಿಂದಿನ ದಿನ ಸುಮ್ನೆ ನೋಡೋಕೆ ಬಂದ.”

ಒಳಗಿನಿಂದ ಅತ್ತೆಯ ದನಿ ಬಂತು. “ಹಾಳಾಗಿದ್ರೆ ಹಾಳಾಗಿದೆ ಅನ್ನು, ಸರಿ ಇದ್ರೆ ಎತ್ಕೊಂಡು ಹೋಗು.”

“ಹಾಳಾಗಿಲ್ಲ ಅತ್ತೆ. ಹಲ್ಲುನೋವು ಅಂದೋನನ್ನ ಕ್ಷೌರದಂಗಡಿಗೆ ಕಳಿಸಿದ್ದಾನೆ ನಿಮ್ಮ ಮಗ. ಕುರ್ಚಿ ಒಂದೇ ಥರ ಕಾಣ್ತಲ್ಲ.”

ಅವಳು ಒಂದು ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಯಾವುದರಿಂದ ತೆರೆಯಬೇಕು ಎಂಬಲ್ಲಿ ಎಂಬ್ರಾಯ್ಡರಿ ಪ್ರೋಗ್ರಾಮನ್ನು ಆರಿಸಿ, ಯಾವಾಗಲೂ ಎಂಬುದಕ್ಕೆ ಟಿಕ್ ಹಾಕಿದಳು. ಹಳೆಯ ಗುರುತುಗಳು ಒಟ್ಟಿಗೇ ಮರಳಿದವು. ಬಳ್ಳಿ ತೆರೆಯಿತು, ಹೂವು ತೆರೆಯಿತು, ಬ್ಯಾಂಡಿನವರ ಕೋಟಿನ ಕಹಳೆ ತೆರೆಯಿತು. ಬ್ಯಾಡ್ಜು ತೆರೆಯಲಿಲ್ಲ. ಇದು ಡಿಸೈನಿನ ಫೈಲೇ ಅಲ್ಲ ಎಂದಿತು ಪ್ರೋಗ್ರಾಮು. ನೋಡಿದರೆ ಫೈಲು ಮೊದಲಿದ್ದದ್ದರ ಅರ್ಧಕ್ಕಿಂತ ಚಿಕ್ಕದಾಗಿತ್ತು, ಪಕ್ಕದಲ್ಲಿ ನಿನ್ನೆಯ ತಾರೀಖು.

“ಇದನ್ನ ನಿನ್ನೆ ಸೇವ್ ಮಾಡಿದ್ದು ಯಾರು?”

ಕತ್ತರಿಯ ಸದ್ದು ನಿಂತಿತು. “ನಾನು. ತುಂಬಾ ಕಸ ಇತ್ತು. ತೆಗ್ದೆ.”

“ಕಸ?”

“ಚೌಕ, ಪ್ರಶ್ನೆ ಚಿಹ್ನೆ, ಏನೇನೋ ಗೀಟು. ಓದೋಕೆ ಬರೋದನ್ನ ಬಿಟ್ಟು ಮಿಕ್ಕಿದ್ದೆಲ್ಲ ತೆಗೀತಾ ಕೂತೆ. ಕಣ್ಣು ಉರಿದುಹೋಯ್ತು. ಚೊಕ್ಕ ಮಾಡಿದ್ರೆ ಚಿತ್ರ ಕಾಣುತ್ತೆ ಅಂದ್ಕೊಂಡೆ.”

“ಆ ಕಸದಲ್ಲೇ ಕಣೇ ಹೊಲಿಗೆ ಇದ್ದದ್ದು. ಬಟ್ಟೇನೇ ಕತ್ತರಿಸಿ, ಎಳೆ ಒಂದೂ ಉಳಿದಿಲ್ಲ ನೋಡಿ ಅಂತಿದ್ದೀಯ.”

“ಬೇಕಂತ ಮಾಡಿದ್ದಲ್ಲ.”

“ಬೇಕಂತ ಮಾಡೋಕೆ ಬುದ್ಧಿ ಬೇಕು.”

“ಬುದ್ಧಿ ಇರೋರು ಬೇರೆ ಕಡೆ ಇನ್ನೊಂದು ಇಟ್ಕೊಂಡಿರ್ತಾರೆ.”

ಈ ಮಾತು ನಾಟಿತು. ಮನೆಯಲ್ಲಿ ಯಾರನ್ನೂ ನಂಬದ ಸೂಜಿಯಕ್ಕ ಆ ಕಂಪ್ಯೂಟರೊಂದನ್ನು ನಂಬಿದ್ದಳು. ಬೇರೆಲ್ಲೂ ನಕಲು ಇರಲಿಲ್ಲ.

ಈಗ ಬ್ಯಾಡ್ಜನ್ನು ಹೊಸದಾಗಿ ಮಾಡಬೇಕು, ಅದಕ್ಕೆ ಹೊಲಿದ ಬ್ಯಾಡ್ಜೊಂದು ಕಣ್ಣೆದುರು ಬೇಕು. ಮನೆಯಲ್ಲಿದ್ದದ್ದು ಒಂದೇ, ಓರಗಿತ್ತಿಯ ಮಗಳ ಹಳೇ ಅಂಗಿಯ ಮೇಲೆ.

“ಆ ಅಂಗಿ ಕೊಡು.”

“ಕೊಡಲ್ಲ.”

ಅತ್ತೆ ಬಾಗಿಲಿಗೆ ಬಂದು ಇಬ್ಬರನ್ನೂ ನೋಡಿದರು. “ಅಂಗಿ ಇವಳ ಹತ್ರ, ವಿದ್ಯೆ ಅವಳ ಹತ್ರ. ಹಿಡ್ಕೊಂಡು ಕೂತಿರಿ ಇಬ್ಬರೂ. ಗುಮಾಸ್ತನಿಗೆ ಬೇರೆ ಬೀದಿ ಗೊತ್ತಿಲ್ವಾ?”

ಓರಗಿತ್ತಿ ಅಂಗಿ ತಂದಳು, ಆದರೆ ಕೊಡಲಿಲ್ಲ. ತೋಳು ಹಿಡಿದುಕೊಂಡೇ ಕುರ್ಚಿಯ ಪಕ್ಕ ನಿಂತಳು. ಸೂಜಿಯಕ್ಕ ಅಳತೆ ಪಟ್ಟಿ ಇಟ್ಟು, ಹೊಲಿಗೆ ಯಾವ ಕಡೆ ಬಾಗಿದೆ ಎಂದು ನೋಡುತ್ತಾ ಪರದೆಯ ಮೇಲೆ ಒಂದೊಂದೇ ಭಾಗ ಕಟ್ಟತೊಡಗಿದಳು.

“ತಿರುಗಿಸು.”

“ತಿರುಗಿಸಿದೆ.”

“ಬೆರಳು ತೆಗಿ, ಕಾಣಲ್ಲ.”

“ನಿಮ್ಮ ಪಟ್ಟಿ ತೆಗೀರಿ, ಕಾಣುತ್ತೆ.”

ಮಧ್ಯಾಹ್ನದ ಊಟಕ್ಕೂ ಇಬ್ಬರೂ ಏಳಲಿಲ್ಲ. ಎದ್ದರೆ ಇನ್ನೊಬ್ಬಳು ಏನು ಮಾಡುತ್ತಾಳೋ ಎಂಬ ಗುಮಾನಿ. ಸಂಜೆಗೆ ಬ್ಯಾಡ್ಜು ತಯಾರಾಯಿತು. ಸೂಜಿಯಕ್ಕ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರಿನಲ್ಲಿದ್ದದ್ದನ್ನು ಅವರೆದುರೇ ಅಳಿಸಿ ಹೋದಳು. ಹೋಗಿ ಬರುತ್ತೇನೆ ಎಂದೂ ಹೇಳಲಿಲ್ಲ.

ಗುಮಾಸ್ತ ಮಾದರಿ ಮೆಚ್ಚಿ ಕೆಲಸ ಅವಳಿಗೇ ಕೊಟ್ಟ. ಆದರೆ ಒಂದು ಸೂಜಿಯ ಯಂತ್ರ ಬಣ್ಣ ಬದಲಾದಾಗಲೆಲ್ಲ ನಿಂತು ದಾರ ಕೇಳುತ್ತಿತ್ತು. ಹಾಗೇ ಹೊಲಿಯುತ್ತಾ ಹೋದರೆ ಮಕ್ಕಳು ಮುಂದಿನ ತರಗತಿಗೆ ಹೋದರೂ ಅಂಗಿಗಳು ಮುಗಿಯುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಅಂಗಿಗಳ ಗಂಟು ಹೊತ್ತು ಹಳೇ ಅಂಗಡಿಗೇ ಬಂದಳು. ಮೈದುನನನ್ನೂ ಓರಗಿತ್ತಿಯನ್ನೂ ಬಿಟ್ಟು ಅತ್ತೆಯನ್ನು ಕೇಳಿದಳು. “ನಿಮ್ಮ ಮಗ ಹೊಲಿದುಕೊಡ್ತಾನಾ ಕೇಳಿ.”

“ಕೂಲಿ ಮೊದಲೇ ಇಡ್ಲಿ ಅನ್ನಿ ಅತ್ತೆ,” ಎಂದಳು ಓರಗಿತ್ತಿ, ಚಾಪೆಯಿಂದ.

ಈಗಲೂ ಪ್ರತಿ ವರ್ಷ ಶಾಲೆ ತೆರೆಯುವ ಮುಂಚೆ ಸೂಜಿಯಕ್ಕ ಬರುತ್ತಾಳೆ. ಪೆನ್‌ಡ್ರೈವನ್ನು ತಾನೇ ಯಂತ್ರಕ್ಕೆ ಸಿಕ್ಕಿಸಿ, ಕೊನೆಯ ಅಂಗಿ ಮುಗಿಯುವವರೆಗೆ ಅದರ ಪಕ್ಕದಲ್ಲೇ ನಿಂತಿರುತ್ತಾಳೆ. ಕುರ್ಚಿ ಯಾರೂ ಕೊಡುವುದಿಲ್ಲ, ಅವಳೂ ಕೇಳುವುದಿಲ್ಲ.